ಬಣ್ಣ ನೋಡಿ ಹೆಸರು ಹೇಳಬೇಡಿ: ಕೀಟ ಗುರುತಿಸುವವರಿಗೆ ಎಂಟು ಸೂತ್ರಗಳು

ಮುಂಗಾರು ಕಾಲಿಟ್ಟಿತೆಂದರೆ ಮಲೆನಾಡಿನ ತೋಟದ ಬೇಲಿಯಲ್ಲೂ ಬಯಲುಸೀಮೆಯ ಜಾಲಿ ಮರದಲ್ಲೂ ಕಣ್ಣು ಕೋರೈಸುವ ಹುಳುಗಳು ಕಾಣಿಸಿಕೊಳ್ಳುತ್ತವೆ. ಇದರ ಹೆಸರೇನು ಎಂದು ಕೇಳಿದರೆ ಹೆಚ್ಚಿನವರು ಬಣ್ಣವನ್ನಷ್ಟೇ ವರ್ಣಿಸುತ್ತಾರೆ. ಗುರುತಿಸುವ ಕೆಲಸದಲ್ಲಿ ಬಣ್ಣ ಕೊನೆಯ ಸಾಕ್ಷಿ. ಅದಕ್ಕಿಂತ ಮೊದಲು ನೋಡಬೇಕಾದದ್ದು ಬಹಳಷ್ಟಿದೆ.

1. ಕಾಲು ಎಣಿಸಿ. ಬೆಳೆದ ಕೀಟಕ್ಕೆ ಆರೇ ಕಾಲು. ಮೃಗಶಿರಾ ಮಳೆಗೆ ಹೊಲದ ಮಣ್ಣಿನ ಮೇಲೆ ಹರಿದಾಡುವ ಕೆಂಪು ಮಖಮಲ್ಲಿನ ಹುಳುವಿಗೆ ಎಂಟು; ಅದು ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಚಗಳಿ ಇರುವೆಗಳ ಸಾಲಿನ ಆಸುಪಾಸಿನಲ್ಲಿ ಅದೇ ಕೆಂಪು ಬಣ್ಣದ ಇನ್ನೊಂದು ‘ಇರುವೆ’ ಒಂಟಿಯಾಗಿ ತಿರುಗುತ್ತಿರುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿ. ಮುಂದಿನ ಎರಡು ಕಾಲನ್ನು ಎತ್ತಿ ಕುಡಿಮೀಸೆಯಂತೆ ಆಡಿಸುತ್ತಿದ್ದರೆ, ಹೆದರಿದಾಗ ನೂಲು ಬಿಟ್ಟು ಎಲೆಯಿಂದ ಕೆಳಗಿಳಿದರೆ, ಅದು ಇರುವೆಯ ವೇಷದ ಜೇಡ.

2. ಹುಳುವಿಗಿಂತ ಮೊದಲು ಗಿಡ ಕಲಿಯಿರಿ. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. ಎಕ್ಕದ ಎಲೆಯ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಕಂಬಳಿಹುಳು ಕಂಡರೆ ಪ್ಲೇನ್ ಟೈಗರ್ ಚಿಟ್ಟೆಯ ಮರಿ ಎಂದು ಊಹಿಸಬಹುದು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಂತೆ ಕಂಡರೆ ಬಗ್ಗಿ ನೋಡಿ: ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಮರಿ ಇರಬಹುದು. ದೊಡ್ಡದಾದ ಮೇಲೆ ಅದು ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ತಾಕಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲುಕೋಡು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ನೋಡುವ ಆಸೆಯಿದ್ದರೆ ಪಶ್ಚಿಮ ಘಟ್ಟದಲ್ಲಿ ಈಶ್ವರಿ ಬಳ್ಳಿ ಎಲ್ಲಿ ಹಬ್ಬಿದೆ ಎಂದು ವಿಚಾರಿಸಿ. ಮಕ್ಕಳು ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಹೊಳೆಯುವ ಜೀರ್ಜಿಂಬೆಯನ್ನು ಹುಡುಕಬೇಕಾದದ್ದು ಜಾಲಿ ಸೊಪ್ಪಿನಲ್ಲಿ.

3. ಹೊತ್ತು ನೋಡಿ ಹೊರಡಿ. ಚಿಟ್ಟೆಗಳ ಮೈ ಬಿಸಿಯಾಗದೆ ರೆಕ್ಕೆ ಆಡುವುದಿಲ್ಲ. ಅದಕ್ಕೇ ಬೆಳಗಿನ ಎಳೆಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿರುತ್ತವೆ. ಹತ್ತಿರ ಹೋಗಲು ಆಗಲೇ ಅನುಕೂಲ. ಬಿಸಿಲೇರಿದ ಮೇಲೆ ಹಳ್ಳದ ದಂಡೆಯ ಒದ್ದೆ ಮರಳಿಗೆ ಹೋಗಿ. ಅಲ್ಲಿ ಗುಂಪಾಗಿ ಉಪ್ಪಿನಂಶ ಹೀರುತ್ತಿರುವವು ಹೆಚ್ಚಾಗಿ ಗಂಡುಗಳು. ರಾತ್ರಿಗೆ ಬಿಳಿ ಪಂಚೆಯೊಂದನ್ನು ಕಟ್ಟಿ ದೀಪ ಹಚ್ಚಿದರೆ ಸಾಕು, ಪತಂಗಗಳು ತಾವೇ ಬರುತ್ತವೆ. ಮಿಂಚುಹುಳುವಿಗೆ ಮಾತ್ರ ದೀಪ ಆರಿಸಬೇಕು. ಟಾರ್ಚ್ ಬಿಟ್ಟರೆ ಅವು ಮಿಂಚುವುದನ್ನೇ ನಿಲ್ಲಿಸಬಹುದು.

4. ಬಣ್ಣವನ್ನು ಅನುಮಾನಿಸಿ. ಕ್ರಿಮ್ಸನ್ ರೋಸ್ ಎಂಬ ಚಿಟ್ಟೆಗೆ ಕಪ್ಪು ರೆಕ್ಕೆ, ಮೇಲೆ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕಡುಗೆಂಪು ಚುಕ್ಕೆ. ಮರಿಯಾಗಿದ್ದಾಗ ಈಶ್ವರಿ ಬಳ್ಳಿಯ ವಿಷ ತಿಂದು ಮೈಯಲ್ಲಿ ಉಳಿಸಿಕೊಂಡಿರುವುದರಿಂದ ಹಕ್ಕಿಗಳು ಇದನ್ನು ಮುಟ್ಟುವುದಿಲ್ಲ. ಕರಿಬೇವು ತಿಂದು ಬೆಳೆದ ಕಾಮನ್ ಮಾರ್ಮನ್‌ಗೆ ಆ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಕೆಲವು ಥೇಟ್ ಕ್ರಿಮ್ಸನ್ ರೋಸ್‌ನದೇ ರೆಕ್ಕೆ ತೊಟ್ಟು ಹುಟ್ಟುತ್ತವೆ. ಇನ್ನು ಕೆಲವು ಹೆಣ್ಣುಗಳು ಕಾಮನ್ ರೋಸ್ ಎಂಬ ಇನ್ನೊಂದು ವಿಷದ ಚಿಟ್ಟೆಯ ವೇಷ ಹಾಕುತ್ತವೆ, ಮತ್ತೆ ಕೆಲವು ತಮ್ಮ ಗಂಡಿನಂತೆಯೇ ಇರುತ್ತವೆ. ರೆಕ್ಕೆ ನೋಡುತ್ತ ಕೂತರೆ ಮೋಸ ಹೋಗುವುದು ಖಂಡಿತ. ರೆಕ್ಕೆ ಬಿಟ್ಟು ಮೈ ನೋಡಿ: ರೋಸ್‌ಗಳ ಮೈ ಕೆಂಪು, ಮಾರ್ಮನ್ ಮೈ ಕಪ್ಪು. ಇಷ್ಟೇ ವ್ಯತ್ಯಾಸ. ಅದನ್ನು ಮೊದಲ ಸಲ ಸ್ವತಃ ಕಂಡುಹಿಡಿದಾಗ ಆಗುವ ಖುಷಿಯೇ ಬೇರೆ. ಹೂವಿನ ಮೇಲಿನ ಹಳದಿ-ಕಪ್ಪು ಪಟ್ಟೆಯ ‘ಜೇನು’ ಕೂಡ ಎಷ್ಟೋ ಸಲ ನೊಣವೇ ಆಗಿರುತ್ತದೆ. ಜೇನಿಗೆ ಎರಡು ಜೊತೆ ರೆಕ್ಕೆ, ನೊಣಕ್ಕೆ ಒಂದೇ ಜೊತೆ.

5. ಕೂರುವ ಭಂಗಿ ಗಮನಿಸಿ. ಏರೋಪ್ಲೇನ್ ಚಿಟ್ಟೆ ಕೂತಾಗಲೂ ರೆಕ್ಕೆ ಹರಡಿಕೊಂಡೇ ಇರುತ್ತದೆ. ಅದರ ಸಣಕಲು ನೆಂಟ ಡ್ಯಾಮ್ಸೆಲ್‌ಫ್ಲೈ ಸಾಮಾನ್ಯವಾಗಿ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ, ಅದರ ಕಣ್ಣುಗಳ ನಡುವೆ ಅಂತರವೂ ಹೆಚ್ಚು. ಚಿಟ್ಟೆಯೋ ಪತಂಗವೋ ಎಂಬ ಗೊಂದಲವಿದ್ದರೆ ಕುಡಿಮೀಸೆ ನೋಡಿ. ತುದಿಯಲ್ಲಿ ಗುಂಡು ಇದ್ದರೆ ಚಿಟ್ಟೆ. ನೂಲಿನಂತೆಯೋ ಗರಿಯಂತೆಯೋ ಇದ್ದರೆ ಪತಂಗ. ಗೇಣಗಲದ ಅಟ್ಲಾಸ್ ಪತಂಗವನ್ನು ಕಂಡವರು ‘ದೊಡ್ಡ ಚಿಟ್ಟೆ’ ಎನ್ನುವುದುಂಟು. ಅದರ ಗರಿಮೀಸೆಯೇ ಪುರಾವೆ.

6. ಒಂದೇ ಫೋಟೋಗೆ ತೃಪ್ತರಾಗಬೇಡಿ. ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ, ಜೊತೆಗೆ ಕೂತ ಗಿಡದ್ದೂ ಒಂದು. ರೆಕ್ಕೆಯ ಅಡಿಭಾಗ ತಪ್ಪಿಸಲೇಬೇಡಿ. ಪುಟ್ಟ ನೀಲಿ ಚಿಟ್ಟೆಗಳನ್ನು ಬೇರ್ಪಡಿಸುವುದು ಅಲ್ಲಿನ ಚುಕ್ಕೆಗಳಿಂದಲೇ. ಪಶ್ಚಿಮ ಘಟ್ಟದ ಬ್ಲೂ ಓಕ್‌ಲೀಫ್ ರೆಕ್ಕೆ ಬಿಚ್ಚಿದರೆ ನೀಲಿ, ಮಡಚಿದರೆ ನರ-ತೊಟ್ಟು ಸಮೇತ ಒಣಗಿದ ಎಲೆ. ಹೋಲಿಕೆಗೆ ನಿಮ್ಮ ಬೆರಳು ಚಿತ್ರದಲ್ಲಿದ್ದರೆ ಗಾತ್ರವೂ ತಿಳಿಯುತ್ತದೆ.

7. ಕೈ ಹಿಂದಿರಲಿ. ದಾಸವಾಳ, ತೊಗರಿ ಹೂ ಮೇಯುವ ಕಿತ್ತಳೆ-ಕಪ್ಪು ಪಟ್ಟೆಯ ಬ್ಲಿಸ್ಟರ್ ಬೀಟಲ್ ಅನ್ನು ಹಿಡಿದರೆ ಅದರ ಮೈಯಿಂದ ಒಸರುವ ರಸ ತಾಗಿ ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ಹಿಡಿದು ಗುಂಡುಸೂಜಿ ಚುಚ್ಚಿ ಸಂಗ್ರಹಿಸುವ ಹವ್ಯಾಸವನ್ನಂತೂ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಗಳ ಜೊತೆಗೆ ಅನೇಕ ಚಿಟ್ಟೆಗಳನ್ನೂ ಕಾಪಾಡುತ್ತದೆ.

8. ಹೆಸರಿಗೆ ಅವಸರ ಬೇಡ. ಮೊದಲು ದುಂಬಿಯೋ ತಿಗಣೆಯೋ ಎಂಬ ಬಳಗ ತೀರ್ಮಾನವಾಗಲಿ, ಆಮೇಲೆ ಕುಟುಂಬ, ಕೊನೆಗೆ ಜಾತಿ. ಐನ್ಯಾಚುರಲಿಸ್ಟ್ ಆ್ಯಪ್ ಫೋಟೋ ನೋಡಿ ಕ್ಷಣದಲ್ಲೇ ಒಂದು ಹೆಸರು ಸೂಚಿಸುತ್ತದೆ. ಅದು ಬರೀ ಊಹೆ. ಬೇರೆಯವರೂ ನೋಡಿ ಒಪ್ಪಿದ ಮೇಲೆಯೇ ಆ ದಾಖಲೆಗೆ ತೂಕ. ಚಿಟ್ಟೆಯಾದರೆ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣದ ಚಿತ್ರಗಳ ಜೊತೆ ನೀವೇ ತಾಳೆ ಹಾಕಿ. ತಾರೀಖು, ಊರು, ಗಿಡ ಮೂರನ್ನೂ ಅಲ್ಲೇ ನಿಂತು ಬರೆದುಕೊಳ್ಳಿ. ಹೆಸರು ಇವತ್ತು ಸಿಗದಿದ್ದರೂ ಮುಂದಿನ ಮಳೆಗಾಲಕ್ಕೆ ಅದೇ ಗಿಡದ ಬಳಿ ಹೋಗಿ ಮತ್ತೆ ನೋಡಬಹುದು.