ಬಾಗಿದ ಗಿಡವೂ ಹಬ್ಬದ ಅರ್ಥವೂ

ಓದತಕ್ಕ ಭಾಗ: ಲೂಕನ ಸುವಾರ್ತೆ 2ನೆಯ ಅಧ್ಯಾಯ, 8ರಿಂದ 14ನೆಯ ವಚನಗಳು

ಪ್ರಿಯ ವಾಚಕರೇ, ಹಬ್ಬದ ದಿನದಲ್ಲಿ ನೆರೆಯವರೆಲ್ಲರೂ ಸಂತೋಷಪಡುತ್ತಿರುವಾಗ ನಿಮ್ಮ ಮನಸ್ಸು ಮಾತ್ರ ಕುಗ್ಗಿಹೋದದ್ದುಂಟೋ? ಅದನ್ನು ಹೇಳಿಕೊಳ್ಳಲಿಕ್ಕೆ ನಾಚಿ, ನಗುವವರ ಸಂಗಡ ನೀವೂ ನಗುವವರಂತೆ ತೋರಿಸಿಕೊಂಡದ್ದುಂಟೋ? ಅಂಥ ಒಬ್ಬ ಹುಡುಗನ ಕಥೆಯನ್ನು ಈ ಪಾಠದಲ್ಲಿ ವಿಚಾರಿಸೋಣ. ಅದು ನಡೆದ ಸಂಗತಿಯಲ್ಲ, ಚಲಿಸುವ ಚಿತ್ರಗಳಿಂದ ಕಟ್ಟಿದ ಕಥೆ. ಆದರೂ ಅದರಲ್ಲಿ ನಮಗೆ ಪ್ರಯೋಜನವಾದ ಬುದ್ಧಿ ಉಂಟು.

ಅಮೇರಿಕ ದೇಶದಲ್ಲಿ ಚಾರ್ಲ್ಸ್ ಶುಲ್ಜ್ ಎಂಬ ಚಿತ್ರಕಾರನಿದ್ದನು. ಅವನು 1922ರಲ್ಲಿ ಹುಟ್ಟಿದನು. 1943ರಲ್ಲಿ, ಅವನು ಸೈನ್ಯಕ್ಕೆ ಸೇರಿದ ಕಾಲದಲ್ಲಿಯೇ, ಅವನ ತಾಯಿ ವ್ಯಾಧಿಯಿಂದ ತೀರಿಹೋದಳು. ಯುದ್ಧ ಮುಗಿದ ಮೇಲೆ ಅವನು ಒಂದು ಕ್ರೈಸ್ತ ಸಭೆಯನ್ನು ಸೇರಿ ಸತ್ಯವೇದವನ್ನು ಶ್ರದ್ಧೆಯಿಂದ ಓದುವವನಾದನು. 1950ರಿಂದ 2000ದ ವರೆಗೆ ವರ್ತಮಾನಪತ್ರಗಳಲ್ಲಿ 'ಪೀನಟ್ಸ್' ಎಂಬ ಚಿತ್ರಕಥೆಯನ್ನು ಬರೆಯುತ್ತಾ ಬಂದನು. ಅದರಲ್ಲಿ ಮುಖ್ಯನಾದವನು ಚಾರ್ಲಿ ಬ್ರೌನ್ ಎಂಬ ಹುಡುಗನು. ಎಷ್ಟು ಪ್ರಯತ್ನಿಸಿದರೂ ಸೋಲುವವನು.

1965ರಲ್ಲಿ ಈ ಹುಡುಗನ ಕುರಿತು ಅರ್ಧ ತಾಸಿನ ಒಂದು ಕ್ರಿಸ್ಮಸ್ ಚಿತ್ರವನ್ನು ಟೆಲಿವಿಷನ್ನಿಗಾಗಿ ಮಾಡಬೇಕೆಂದು ಗೊತ್ತಾಯಿತು. ಶುಲ್ಜನು ಕಥೆಯನ್ನು ಬರೆದನು, ಬಿಲ್ ಮೆಲೆಂಡೆಸನು ಚಿತ್ರಗಳಿಗೆ ಚಲನೆ ಕೊಟ್ಟನು, ಲೀ ಮೆಂಡೆಲ್ಸನನು ಕಾರ್ಯವನ್ನು ನಡಿಸಿದನು, ವಿನ್ಸ್ ಗುವರಾಲ್ಡಿಯು ಸಂಗೀತವನ್ನು ರಚಿಸಿದನು. ಕೆಲಸಕ್ಕೆ ಸಿಕ್ಕಿದ ಕಾಲವು ಕೆಲವೇ ತಿಂಗಳುಗಳು. ಹಣ ಕೊಟ್ಟದ್ದು ಕೋಕಾ-ಕೋಲಾ ಎಂಬ ಪಾನೀಯವನ್ನು ಮಾರುವ ಕಂಪೆನಿ. ಹಬ್ಬದ ವ್ಯಾಪಾರವನ್ನು ಗದರಿಸುವ ಕಥೆಗೆ ವ್ಯಾಪಾರಿಗಳೇ ಹಣ ಕೊಟ್ಟದ್ದು ವಿಚಿತ್ರವಲ್ಲವೇ?

ಕಥೆಯ ಸಾರಾಂಶವೇನಂದರೆ: ಕ್ರಿಸ್ಮಸ್ ಹತ್ತಿರ ಬಂದರೂ ಚಾರ್ಲಿಗೆ ಸಂತೋಷ ಹುಟ್ಟುವುದಿಲ್ಲ. ಅವನ ನಾಯಿಯು ಬಹುಮಾನದ ಆಸೆಯಿಂದ ತನ್ನ ಗೂಡನ್ನು ದೀಪಗಳಿಂದ ಅಲಂಕರಿಸುತ್ತದೆ; ಅವನ ತಂಗಿಯು ಉಡುಗೊರೆಗೆ ಬದಲಾಗಿ ನೋಟುಗಳನ್ನೇ ಕೇಳಿ ಪತ್ರ ಬರೆಯಿಸುತ್ತಾಳೆ. ಮಕ್ಕಳು ಆಡಲಿರುವ ಕ್ರಿಸ್ಮಸ್ ನಾಟಕಕ್ಕೆ ಅವನನ್ನು ಮೇಲ್ವಿಚಾರಕನಾಗಿ ನೇಮಿಸಿದರೂ ಯಾರೂ ಅವನ ಮಾತನ್ನು ಕೇಳುವುದಿಲ್ಲ. ಮರ ತರುವುದಕ್ಕೆ ಹೋದಾಗ ಅಂಗಡಿಯಲ್ಲಿ ಬಣ್ಣ ಬಳಿದ ಲೋಹದ ಮರಗಳು ಹೊಳೆಯುತ್ತಿರುತ್ತವೆ. ಅವುಗಳ ನಡುವೆ ಎಲೆ ಉದುರುವ ಒಂದು ಚಿಕ್ಕ ಗಿಡ. ಚಾರ್ಲಿಯು ಕನಿಕರಪಟ್ಟು ಅದನ್ನೇ ತರುತ್ತಾನೆ, ಎಲ್ಲರೂ ಗೇಲಿಮಾಡುತ್ತಾರೆ. ಆಗ ಅವನು, ಈ ಹಬ್ಬದ ಅರ್ಥವನ್ನು ಬಲ್ಲವರು ಯಾರೂ ಇಲ್ಲವೋ ಎಂದು ಮೊರೆಯಿಡುತ್ತಾನೆ. ಅವನ ಗೆಳೆಯನಾದ ಲೈನಸನು ರಂಗದ ನಡುವೆ ನಿಂತು, ಮೇಲೆ ಬರೆದ ವೇದಭಾಗವನ್ನು ಬಾಯಿಪಾಠವಾಗಿ ಹೇಳಿ, ಇದೇ ಅದರ ಅರ್ಥವೆಂದು ತಿಳಿಸುತ್ತಾನೆ.

ಈ ಚಿತ್ರವು ಆ ಕಾಲದ ಪದ್ಧತಿಗೆ ಅನೇಕ ವಿಷಯಗಳಲ್ಲಿ ವಿರೋಧವಾಗಿತ್ತು. ಮಕ್ಕಳ ಪಾತ್ರಗಳಿಗೆ ದೊಡ್ಡವರು ದನಿ ಕೊಡುವುದು ವಾಡಿಕೆ. ಇದರಲ್ಲಿ ಮಕ್ಕಳೇ ಮಾತಾಡಿದರು. ಓದಲಿಕ್ಕೆ ಬಾರದಷ್ಟು ಚಿಕ್ಕ ಹುಡುಗಿಗೆ ಮಾತುಗಳನ್ನು ಸ್ವಲ್ಪಸ್ವಲ್ಪವಾಗಿ ಹೇಳಿಕೊಟ್ಟು ಹೇಳಿಸಬೇಕಾಯಿತು. ಹಾಸ್ಯದ ಸ್ಥಳಗಳಲ್ಲಿ ನಗೆಯ ಸದ್ದನ್ನು ಸೇರಿಸುವ ಪದ್ಧತಿಯನ್ನು ಶುಲ್ಜನು ಒಪ್ಪಲಿಲ್ಲ. ಸಂಗೀತವು ಜಾಜ್ ಎಂಬ ರೀತಿಯದು. ಸತ್ಯವೇದದ ವಚನಗಳನ್ನು ಸೇರಿಸುವುದಕ್ಕೆ ಜೊತೆಗಾರರು ಅನುಮಾನಿಸಿದರೂ ಶುಲ್ಜನು ತನ್ನ ನಿಶ್ಚಯವನ್ನು ಬಿಡಲಿಲ್ಲ. ಮುಗಿದ ಚಿತ್ರವನ್ನು ಕಂಡು ಟೆಲಿವಿಷನ್ ಸಂಸ್ಥೆಯ ಅಧಿಕಾರಿಗಳು, ಇದು ಬಹಳ ನಿಧಾನವೆಂದು ಅಸಂತೋಷಪಟ್ಟರು. ಆದರೆ ದಿನವು ಗೊತ್ತಾಗಿದ್ದ ಕಾರಣ ದಶಂಬರ 9ರಲ್ಲಿ ಅದನ್ನು ತೋರಿಸಿದರು. ಆ ರಾತ್ರಿ ಅಮೇರಿಕದಲ್ಲಿ ಟೆಲಿವಿಷನ್ ನೋಡುತ್ತಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳವರು ಇದನ್ನೇ ನೋಡಿದರು. ಎಮ್ಮಿ, ಪೀಬಡಿ ಎಂಬ ಬಹುಮಾನಗಳು ದೊರೆತವು. ಅಂದಿನಿಂದ ಜನರು ವರುಷವರುಷವೂ ಅದನ್ನು ನೋಡುತ್ತಾ ಬಂದಿದ್ದಾರೆ. ಇದಕ್ಕೆ ಕಾರಣವೇನು?

ಮೊದಲನೆಯದು, ಅದು ದುಃಖವನ್ನು ಮರೆಮಾಡುವುದಿಲ್ಲ. ಹಬ್ಬದ ಕಥೆಗಳು ಸಾಮಾನ್ಯವಾಗಿ ನಗುವವರಿಗಾಗಿ ಬರೆಯಲ್ಪಡುತ್ತವೆ. ಇದಾದರೋ ಕುಗ್ಗಿದವನಿಂದಲೇ ಆರಂಭವಾಗುತ್ತದೆ. ನಗಬೇಕಾದದ್ದು ಇಂಥ ಸ್ಥಳದಲ್ಲಿ ಎಂದು ನೋಡುವವರಿಗೆ ಅಪ್ಪಣೆ ಕೊಡುವುದೂ ಇಲ್ಲ. ಶುಭವಾರ್ತೆ ಮೊದಲು ಬಂದದ್ದು ಯಾರಿಗೆ? ರಾತ್ರಿಯಲ್ಲಿ ಹಿಂಡನ್ನು ಕಾಯುತ್ತಾ ಬಹಳ ಹೆದರಿದ ಕುರುಬರಿಗಲ್ಲವೇ?

ಎರಡನೆಯದು, ವಾಕ್ಯವನ್ನು ಆಡಂಬರವಿಲ್ಲದೆ ಹೇಳಿದ್ದು. ಲೈನಸನು ಯಾವಾಗಲೂ ಒಂದು ಕಂಬಳಿಯನ್ನು ಹಿಡಿದುಕೊಂಡಿರುವವನು. ಅದಿಲ್ಲದೆ ಅವನಿಗೆ ಧೈರ್ಯವಿಲ್ಲ. ಆದರೆ ಹೆದರಬೇಡಿರೆಂದು ದೇವದೂತನು ಹೇಳಿದ ಮಾತಿಗೆ ಬಂದಾಗ ಕಂಬಳಿಯು ಅವನ ಕೈಯಿಂದ ಕೆಳಗೆ ಬೀಳುತ್ತದೆ. ಅದರ ಕುರಿತು ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಮಾತು ಮುಗಿದ ಮೇಲೆ ಅವನು ಅದನ್ನು ತಿರುಗಿ ಎತ್ತಿಕೊಳ್ಳುತ್ತಾನೆ. ನಾವೂ ಹಾಗೆಯೇ, ಬಿಟ್ಟುಬಿಟ್ಟ ಭಯವನ್ನು ಮರುದಿನ ಎತ್ತಿಕೊಳ್ಳುತ್ತೇವೆ. ಆದರೂ ಒಂದು ಗಳಿಗೆ ಅದನ್ನು ಬಿಟ್ಟು ನಿಂತದ್ದು ಸುಳ್ಳಲ್ಲ.

ಮೂರನೆಯದು, ವಾಕ್ಯವು ಪ್ರೀತಿಯ ಕ್ರಿಯೆಯಲ್ಲಿ ಮುಗಿಯುವುದು. ಚಾರ್ಲಿಯು ವಾಕ್ಯವನ್ನು ಕೇಳಿ ಹರ್ಷದಿಂದ ಗಿಡವನ್ನು ಎತ್ತಿಕೊಂಡು ಹೋಗಿ ಒಂದು ಕೆಂಪು ಗುಂಡನ್ನು ತೂಗಹಾಕುತ್ತಾನೆ. ಗಿಡವು ನೆಲಕ್ಕೆ ಬಾಗುತ್ತದೆ. ತಾನು ಅದನ್ನು ಕೊಂದೆನೆಂದು ಅವನು ವ್ಯಸನದಿಂದ ಹೊರಟುಹೋಗುತ್ತಾನೆ. ನೋಡಿರಿ, ವಾಕ್ಯವನ್ನು ಕೇಳಿದ ಮೇಲೆಯೂ ಅವನು ಸೋತನು. ಆಗ ಗೇಲಿಮಾಡಿದವರೇ ಬರುತ್ತಾರೆ. ಲೈನಸನು ತನ್ನ ಕಂಬಳಿಯನ್ನೇ ಗಿಡದ ಬುಡಕ್ಕೆ ಸುತ್ತುತ್ತಾನೆ. ಬಹುಮಾನಕ್ಕಾಗಿ ನಾಯಿಗೂಡಿಗೆ ಕಟ್ಟಿದ ಅಲಂಕಾರಗಳನ್ನು ಬಿಚ್ಚಿ ಗಿಡಕ್ಕೆ ಕಟ್ಟುತ್ತಾರೆ. ಹೊಸದಾಗಿ ಒಂದನ್ನೂ ಕೊಂಡುಕೊಳ್ಳಲಿಲ್ಲ; ಹೆಮ್ಮೆಗಾಗಿ ಇದ್ದದ್ದು ಸೇವೆಗೆ ಬಂತು. ಚಾರ್ಲಿಯು ತಿರುಗಿ ಬಂದಾಗ ಗಿಡವು ನೆಟ್ಟಗೆ ನಿಂತಿರುತ್ತದೆ, ಎಲ್ಲರೂ ಕೂಡಿ ಹಾಡುತ್ತಾರೆ.

ಆದದರಿಂದ ಪ್ರಿಯರೇ, ನಮ್ಮ ಸಭೆಯಲ್ಲಿ ಬಾಗಿದ ಗಿಡದಂತೆ ಒಬ್ಬನಿದ್ದರೆ, ಅವನಿಗೆ ವಚನವನ್ನು ಹೇಳಿ ಸುಮ್ಮನಾಗಬಾರದು. ನಮ್ಮ ಕಂಬಳಿಯು ಅವನ ಬುಡಕ್ಕೆ ಬರಬೇಕು.

ವಿಚಾರಿಸತಕ್ಕ ಪ್ರಶ್ನೆಗಳು

1. ಶುಭವಾರ್ತೆಯನ್ನು ಮೊದಲು ಕೇಳಿದವರ ಸ್ಥಿತಿ ಎಂಥದು?
2. ಲೈನಸನ ಕಂಬಳಿಯಂತೆ ನಾವು ಬಿಡದೆ ಹಿಡಿದಿರುವಂಥದ್ದು ಯಾವುದು?
3. ಈ ಹಬ್ಬದಲ್ಲಿ ನಮ್ಮ ಅಲಂಕಾರದಿಂದ ಬಿಚ್ಚಿ ಇನ್ನೊಬ್ಬನಿಗೆ ಕೊಡಬಹುದಾದದ್ದೇನು?