ದಣಿದವನ ಮಾತೇ ನಡೆಯಲಿ

ತಮ್ಮಾ, ದೀಪಾವಳಿ ಮುಗಿದ ಮೇಲೆ ನೀನೂ ನಿನ್ನ ಗೆಳೆಯನೂ ಎರಡು ಮೋಟಾರ್‌ಸೈಕಲ್ ತೆಗೆದುಕೊಂಡು ಜೈಸಲ್ಮೇರಿಗೆ ಹೊರಟಿದ್ದೀರಿ ಎಂದು ನಿಮ್ಮವ್ವ ಹೇಳಿದಳು. ಅವಳಿಗೆ ಅಂಜಿಕೆ, ನನಗೆ ಖುಷಿ. ಮೈಯಲ್ಲಿ ಕಸುವಿದ್ದಾಗ ಬೆಲ್ಲ ಹೇರಿಕೊಂಡು ಗುಜರಾತಿಗೆ, ಅಲ್ಲಿಂದ ಸಿಕ್ಕ ಮಾಲು ತುಂಬಿಕೊಂಡು ರಾಜಸ್ಥಾನಕ್ಕೆ ಲಾರಿ ಓಡಿಸಿದವನು ನಾನು. ಆ ಸೀಮೆ ನೋಡಬೇಕಾದದ್ದೇ. ಹೋಗಬೇಡ ಎನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೋದ ಇಬ್ಬರೂ ಗೆಳೆಯರಾಗಿಯೇ ಊರಿಗೆ ಮರಳಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ಗಾಡಿ ಚಾಲೂ ಮಾಡುವ ಮೊದಲು ಒಂದು ಕರಾರು ಮಾಡಿಕೊಳ್ಳಿ. ಇಬ್ಬರಲ್ಲಿ ಯಾರು ‘ಸಾಕು’ ಅಂದರೂ ಅಂದಿನ ದಾರಿ ಅಲ್ಲಿಗೆ ಮುಗಿಯಿತು. ಯಾಕೆ ಎಂದು ಇನ್ನೊಬ್ಬ ಕೇಳಕೂಡದು. ‘ಇನ್ನ ಐವತ್ತ ಕಿಲೋಮೀಟರ್ ಅಷ್ಟ ಐತಿ, ನಡಿ’ ಅನ್ನಕೂಡದು. ನನ್ನ ಜೋಡಿ ಡ್ರೈವರ್ ಅಥಣಿ ಕಡೆಯವನು. ನಾವಿಬ್ಬರೂ ಹೀಗೇ ಮಾತು ಮಾಡಿಕೊಂಡಿದ್ದೆವು. ದಣಿದವನಿಗೆ ದಣಿವನ್ನು ಹೇಳಿಕೊಳ್ಳಲು ನಾಚಿಕೆ ಇರುತ್ತದೆ, ನಿಮ್ಮ ವಯಸ್ಸಿನಲ್ಲಂತೂ ಹೆಚ್ಚು. ಆ ನಾಚಿಕೆಯೇ ಹೆದ್ದಾರಿಯಲ್ಲಿ ಜೀವ ತೆಗೆಯುತ್ತದೆ. ನಸುಕಿನ ಮೂರರಿಂದ ಐದರ ತನಕ ಎಂಥ ಗಟ್ಟಿ ಡ್ರೈವರನ ಕಣ್ಣೂ ಮೋಸ ಮಾಡುತ್ತದೆ. ಆ ಹೊತ್ತಿನಲ್ಲಿ ನೀವು ಹಾಸಿಗೆಯಲ್ಲಿರಬೇಕು.

ನಿಧಾನ ಓಡಿಸುವವನು ಮುಂದಿರಲಿ, ಜೋರಾಗಿ ಓಡಿಸುವವನು ಹಿಂದಿರಲಿ. ಇದನ್ನು ತಿರುಗಾಮುರುಗಾ ಮಾಡಿದರೆ ಹಿಂದಿನವನು ಮುಂದಿನವನನ್ನು ಹಿಡಿಯಲು ತನ್ನ ಅಳತೆ ಮೀರಿ ಓಡಿಸುತ್ತಾನೆ. ಜಗಳ ಬಂದೇ ಬರುತ್ತದೆ, ಬರಲಿ. ಸಿಟ್ಟಿನಲ್ಲಿ ಒಬ್ಬನನ್ನೇ ಬಿಟ್ಟು ಮುಂದೆ ಹೋಗುವುದು ಮಾತ್ರ ಬೇಡ. ಇಬ್ಬರೂ ಸಮ ರೊಕ್ಕ ಹಾಕಿ ಒಂದೇ ಪಾಕೀಟಿನಿಂದ ಖರ್ಚು ಮಾಡಿ, ಲೆಕ್ಕವನ್ನು ಅಂದಂದೇ ಸಂಜೆ ಮುಗಿಸಿ. ಉಳಿದುಹೋದ ಸಣ್ಣ ಬಾಕಿ ಗೆಳೆತನವನ್ನು ಕೆಡಿಸಿದಷ್ಟು ದೊಡ್ಡ ಜಗಳವೂ ಕೆಡಿಸುವುದಿಲ್ಲ.

ಇನ್ನು ದಾರಿಯ ಮಾತು. ನಮ್ಮೂರು ಕರೋಶಿಯಿಂದ ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೋದರೆ ಸಿಗುವ ಪುಣೆ–ಬೆಂಗಳೂರು ರಸ್ತೆಗೆ ನಮ್ಮ ಕಾಲದಲ್ಲಿ 4ನೇ ನಂಬರು, ಈಗ 48. ಚೆನ್ನೈಯಿಂದ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ, ಸೂರತ್, ಅಹಮದಾಬಾದ್, ಉದಯಪುರ, ಜೈಪುರ ಹಾದು ಅದು ದಿಲ್ಲಿ ಮುಟ್ಟುತ್ತದೆ. ಅಂದರೆ ಉದಯಪುರದ ತನಕ ನಿಮ್ಮದು ನಿಪ್ಪಾಣಿಯ ರಸ್ತೆಯೇ. ಅದನ್ನು ಹತ್ತುವಾಗ ಒಂದು ಗಳಿಗೆ ನಿಲ್ಲಿ. 1981ರಲ್ಲಿ ತಂಬಾಕಿಗೆ ತಕ್ಕ ಬೆಲೆ ಕೇಳಿ, ಶರದ್ ಜೋಶಿಯವರ ಮುಂದಾಳತ್ವದಲ್ಲಿ ಸಾವಿರಾರು ರೈತರು ಅಲ್ಲೇ ಹೆದ್ದಾರಿ ತಡೆದು ದಿನಗಟ್ಟಲೆ ಕುಳಿತಿದ್ದರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಪ್ರಾಣ ಬಿಟ್ಟರು. ದೂರದ ಇತಿಹಾಸ ನೋಡಲು ಹೊರಟವರು ಮನೆ ಬಾಗಿಲಿನ ಇತಿಹಾಸವನ್ನು ತಿಳಿಯದೆ ದಾಟಿ ಹೋಗಬಾರದು.

ಪುಣೆ–ಮುಂಬಯಿ ಎಕ್ಸ್‌ಪ್ರೆಸ್ ವೇ ಮೇಲೆ ಮೋಟಾರ್‌ಸೈಕಲ್ ಬಿಡುವುದಿಲ್ಲ, ಖಂಡಾಲಾ ಘಾಟಿನ ಹಳೆಯ ರಸ್ತೆ ಹಿಡಿಯಿರಿ. ಯಾವ ಗೇರಿನಲ್ಲಿ ಘಾಟು ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿದವರ ಲಾರಿಗಳನ್ನು ನಾನು ಕಂದಕದಲ್ಲಿ ನೋಡಿದ್ದೇನೆ. ಗುಜರಾತಿನ ರಸ್ತೆ ನೇರ, ಅಲ್ಲಿ ಹೇಳುವಂಥದ್ದೇನಿಲ್ಲ.

ಉದಯಪುರದಲ್ಲಿ 48 ಬಿಟ್ಟು ಜೋಧಪುರಕ್ಕೆ, ಅಲ್ಲಿಂದ ಪೋಖ್ರಾನ್ ಮೇಲೆ ಜೈಸಲ್ಮೇರಿಗೆ. ಮರುಭೂಮಿಯ ನಿಜವಾದ ದಾರಿ ಇದು. ಆ ಸೀಮೆಯ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಬಿಸಿಲು ಬಿದ್ದಿತ್ತು. ನೀವು ಚಳಿಗಾಲದಲ್ಲಿ ಹೊರಟದ್ದು ಒಳ್ಳೆಯದಾಯಿತು. ಆದರೂ ಹುಷಾರು. ಆ ಗಾಳಿಯಲ್ಲಿ ಬೆವರು ಹರಿಯುವ ಮೊದಲೇ ಒಣಗಿ ಹೋಗುತ್ತದೆ. ಮೈಯೊಳಗಿನ ನೀರು ಇಳಿದದ್ದು ಗೊತ್ತಾಗುವುದಿಲ್ಲ, ಬಾಯಾರಿಕೆಯಾಗುವ ಹೊತ್ತಿಗೆ ತಡವಾಗಿರುತ್ತದೆ. ರಸ್ತೆ ಕೋಲು ಇಟ್ಟಂತೆ ನೇರ, ಎದುರಿಗೆ ಗಾಡಿಯಿಲ್ಲ, ತಿರುವಿಲ್ಲ; ಕಣ್ಣು ತೆರೆದೇ ಇರುತ್ತದೆ, ಮನಸ್ಸು ಮಲಗಿರುತ್ತದೆ. ಅಲ್ಲಿ ನಮ್ಮ ಕರಾರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಗೆಳೆಯ ಮಾತು ಕಡಿಮೆ ಮಾಡಿದನೆ, ಕೇಳಿದ್ದೊಂದು ಹೇಳಿದ್ದೊಂದು ಆಯಿತೆ, ನಿಂತಾಗ ನೀರು ಬೇಡ ಅಂದನೆ? ಅವನ ಪರವಾಗಿ ‘ಸಾಕು’ ಅನ್ನುವುದು ನಿನ್ನ ಕೆಲಸ.

ಡಾಂಬರಿನ ಮೇಲೆ ಗಾಳಿ ತಂದು ಹಾಕಿದ ಮರಳು ಕಂಡರೆ ಮೊದಲೇ ವೇಗ ಇಳಿಸು, ಮರಳಿನ ಮೇಲೆ ಮುಂದಿನ ಬ್ರೇಕು ಮುಟ್ಟಬೇಡ. ಹೊತ್ತು ಮುಳುಗಿದ ಮೇಲೆ ಓಡಿಸಬೇಡಿ; ಒಂಟೆ, ದನ, ನೀಲಗಾಯಿ ರಸ್ತೆಗೆ ಬರುತ್ತವೆ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ ಇರಲಿ, ಕೆಡುವುದಿಲ್ಲ. ಅಲ್ಲಿಯವರೂ ಸಜ್ಜಿ ರೊಟ್ಟಿ ಉಣ್ಣುವ ಜನವೇ. ಊಟಕ್ಕೆ ಕರೆದರೆ ಮುಜುಗರ ಪಡದೆ ಕೂಡ್ರಿ.

ಪೋಖ್ರಾನ್ ಅಂದರೆ ನಿಮಗೆ 1974 ಮತ್ತು 1998ರ ಅಣು ಪರೀಕ್ಷೆಯೇ ನೆನಪಾಗುತ್ತದೆ. ಹತ್ತಿರದಲ್ಲೇ ರಾಮ್‌ದೇವ್ರಾ ಇದೆ, ಅದನ್ನೂ ನೋಡಿ. ಹಿಂದೂಗಳು ರಾಮದೇವ ಎಂದು, ಮುಸಲ್ಮಾನರು ಪೀರ ಎಂದು ನಡೆದುಕೊಳ್ಳುವ ಗದ್ದುಗೆ ಅದು. ಪಂಢರಪುರಕ್ಕೆ ನಡೆದು ಹೋಗುವ ನಮ್ಮ ಮಂದಿಯ ಹಾಗೆ ಅಲ್ಲಿಗೂ ಭಾದ್ರಪದದಲ್ಲಿ ನಡೆದು ಬರುತ್ತಾರೆ. ಜೈಸಲ್ಮೇರಿನ ಕೋಟೆ ಕಟ್ಟಿದ್ದು 1156ರಲ್ಲಿ, ರಾವಲ್ ಜೈಸಲ್. ಒಂಟೆಗಳ ಸಾಲಿನ ಮೇಲೆ ಸಾಗಿದ ವ್ಯಾಪಾರವೇ ಆ ಊರನ್ನು ಬೆಳೆಸಿತು. ಮುಂದೆ ಮುಂಬಯಿ ಬಂದರು ಬೆಳೆದಂತೆ ಮಾಲು ಹಡಗಿಗೆ ಹೋಯಿತು, 1947ರಲ್ಲಿ ಗಡಿ ಬಿದ್ದು ಉಳಿದ ದಾರಿಯೂ ಮುಚ್ಚಿತು. ಅಲ್ಲಿನ ವ್ಯಾಪಾರಿಗಳ ಹವೇಲಿಯ ಕೆತ್ತನೆ ನೋಡುವಾಗ ಇದು ತಲೆಯಲ್ಲಿರಲಿ. ಗಡಿಯ ಕಡೆಗಿರುವ ಲೋಂಗೇವಾಲಾ ಠಾಣ್ಯದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಸುಮಾರು 120 ಸೈನಿಕರು ಪಾಕಿಸ್ತಾನದ ಟ್ಯಾಂಕುಗಳನ್ನು ಬೆಳಗಿನ ತನಕ ತಡೆದು ನಿಲ್ಲಿಸಿದ್ದರು. ಅಲ್ಲಿಗೂ, ತನೋಟ್ ಮಾತೆಯ ಗುಡಿಗೂ ಹೋಗಿ. ಗುಡಿಯ ಆಚೆ ಗಡಿಗೆ ಹೋಗಲು ಅನುಮತಿ ಬೇಕು. ಸೈನಿಕರು ಫೋಟೊ ಬೇಡ ಅಂದಲ್ಲಿ ಮೊಬೈಲು ಕಿಸೆಯಲ್ಲಿರಲಿ.

ಹೋಗುವ ದಾರಿಗಿಂತ ಬರುವ ದಾರಿಯ ಚಿಂತೆ ನನಗೆ ಹೆಚ್ಚು. ಕೊಲ್ಹಾಪುರ ದಾಟಿದರೆ ಮನೆಯ ವಾಸನೆ ಬರುತ್ತದೆ, ಕೈ ತಾನಾಗಿ ಎಕ್ಸಲೇಟರ್ ತಿರುವುತ್ತದೆ. ನೀವು ಮರಳುವಾಗ ಕಬ್ಬಿನ ಹಂಗಾಮು ಜೋರಿರುತ್ತದೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಕಬ್ಬು ಎರಡೂ ಕಡೆ ಚಾಚಿರುತ್ತದೆ, ಎಷ್ಟೋ ಗಾಡಿಗಳಿಗೆ ಹಿಂದೆ ದೀಪವೂ ಇರುವುದಿಲ್ಲ. ಮರುಭೂಮಿ ದಾಟಿ ಬಂದವನಿಗೂ ನಿಪ್ಪಾಣಿಯಿಂದ ಕರೋಶಿಯ ತನಕದ ಕತ್ತಲೆಯೇ ಅಪಾಯ. ಅಲ್ಲಿಗೆ ಬರುವಷ್ಟರಲ್ಲಿ ಹೊತ್ತು ಮುಳುಗಿದ್ದರೆ ರಾತ್ರಿ ನಿಪ್ಪಾಣಿಯಲ್ಲೇ ಉಳಿಯಿರಿ, ಮನೆಗೆ ಫೋನ್ ಮಾಡಿ ಹೇಳಿ, ಬೆಳಕು ಹರಿದ ಮೇಲೆ ಬನ್ನಿ. ನಿಮ್ಮವ್ವನಿಗೆ ನಾನು ಹೇಳಿರುತ್ತೇನೆ.