ಮೊದಲು ತಾಳ, ಆಮೇಲೆ ತಂತಿ: ಗಿಟಾರ್ ಹವ್ಯಾಸಿಗೆ ಹನ್ನೊಂದು ಸೂತ್ರ

ಕೃಷ್ಣೆಯ ದಡದ ನಮ್ಮ ಜುಗೂಳದಂಥ ಊರಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕಟ್ಟೆಗೆ ಕೂತರೆ ಜನ ಕೇಳುವುದು ಎರಡೇ ಪ್ರಶ್ನೆ. "ಕರೆಂಟ್ ಹೋದ್ರ ಇದು ನುಡೀತೇತೇನ್ರಿ?" ಅನ್ನುವುದು ಒಂದು. "ನಮ್ಮ ಭಜನಿಗೆ ಬರ್ತೀರೇನು?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ನುಡಿಯುತ್ತದೆ, ನುಡಿಸುವವನಿಗಷ್ಟೇ ಕೇಳುವಷ್ಟು. ಎರಡನೆಯದಕ್ಕೆ ನಾನು ಹೂಂ ಅಂದುಬಿಟ್ಟೆ. ಮೂರು ವರ್ಷ ಅಟ್ಟದ ಮೇಲೆ ಒಬ್ಬನೇ ಬಾರಿಸಿ ಭೇಷ್ ಅಂದುಕೊಂಡಿದ್ದವನು, ಢೋಲಕಿಯ ಪಕ್ಕ ಕೂತ ಐದು ನಿಮಿಷದಲ್ಲಿ ಮೂರು ಸಲ ಸಮ ತಪ್ಪಿದೆ. ಢೋಲಕಿ ಮುತ್ಯಾ ಬೈಯಲಿಲ್ಲ. "ತಮ್ಮಾ, ಕೈ ಇಲ್ಲೇ ಐತಿ, ಕಿವಿ ಇನ್ನೂ ಮನಿಯಾಗೈತಿ" ಅಂದರು, ಅಷ್ಟೇ. ಕೆಳಗಿನದೆಲ್ಲ ಕಿವಿಯನ್ನು ಮನೆಯಿಂದ ಕರೆತಂದ ಕತೆ.

1. ಬಾಯಲ್ಲಿ ಬಾರದ್ದು ಕೈಯಲ್ಲಿ ಬಾರದು.

ಗಿಟಾರ್ ಕೆಳಗಿಡಿ. ಕೆಹರವಾದ ಎಂಟು ಮಾತ್ರೆ ಬಾಯಲ್ಲಿ ಹೇಳಿ: ಧಾ ಗೆ ನಾ ತಿ, ನಾ ಕೆ ಧಿ ನಾ. ಒಂದಕ್ಕೂ ಐದಕ್ಕೂ ಕಾಲು ನೆಲ ಮುಟ್ಟಲಿ. ಒಂದಕ್ಕೆ, ಅಂದರೆ ಸಮಕ್ಕೆ, ಚಪ್ಪಾಳೆ, ಐದಕ್ಕೆ ಖಾಲಿ, ಅಂದರೆ ಅಂಗೈ ಹೊರಳಿಸುವುದು. ಹೀಗೆ ಹೇಳುತ್ತಲೇ ಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ತಲೆ ಅಲ್ಲಾಡಿಸಿ ಉತ್ತರ ಕೊಡಿ. ತಾಳ ಮುರಿಯದಿದ್ದರೆ ಮಾತ್ರ ಗಿಟಾರ್ ಎತ್ತಿ. ಈಗ ಎಡಗೈಯನ್ನು ತಂತಿಗಳ ಮೇಲೆ ಹಗುರವಾಗಿಟ್ಟು ನಾದ ಅಡಗಿಸಿ, ಬಲಗೈಯಿಂದ ಬರೀ ಚಕ್ ಚಕ್ ಅನ್ನಿಸಿ: ಕೆಳಗೆ, ಮೇಲೆ, ಕೆಳಗೆ, ಮೇಲೆ. ಕಾರ್ಡ್ ಇಲ್ಲ, ರಾಗ ಇಲ್ಲ, ತಾಳ ಮಾತ್ರ. ಒಂದು ವಾರ ಇದನ್ನೇ ಮಾಡಿ. ಬೇಸರವಾಗುತ್ತದೆ, ನನಗೂ ಆಗಿತ್ತು. ಆದರೆ ಇಂಟರ್ನೆಟ್ ನೋಡಿ ಕಲಿತ ನೂರು ಲಿಕ್ಕುಗಳಿಗಿಂತ ಈ ಒಂದು ವಾರ ನನಗೆ ಹೆಚ್ಚು ಕೊಟ್ಟಿದೆ. ಕೆಹರವಾ ಕೂತ ಮೇಲೆ ಆರು ಮಾತ್ರೆಯ ದಾದರಾ, ಏಳರ ರೂಪಕ. ನಮ್ಮ ಕಡೆಯ ಭಜನೆ, ಭಾವಗೀತೆ, ಸಿನಿಮಾ ಹಾಡಿನ ಮುಕ್ಕಾಲು ಪಾಲು ಇವುಗಳಲ್ಲೇ ಮುಗಿಯುತ್ತದೆ.

2. ಬಲಗೈ ತೊಟ್ಟಿಲು, ನಿಲ್ಲಿಸಬೇಡಿ.

ಹೊಸಬರು ಹೊಡೆಯುವಾಗ ಮಾತ್ರ ಕೈ ಆಡಿಸುತ್ತಾರೆ, ಬಿಡುವಿನಲ್ಲಿ ನಿಲ್ಲಿಸುತ್ತಾರೆ. ಬಿಡುವಿನ ಉದ್ದವನ್ನು ಅಳೆಯುವವರೇ ಇಲ್ಲವಾಗಿ ತಾಳ ಜಾರುವುದು ಅಲ್ಲೇ. ಹೊಡೆಯದ ಮಾತ್ರೆಯಲ್ಲೂ ಕೈ ತೂಗುತ್ತಲೇ ಇರಲಿ, ಪಿಕ್ ತಂತಿಗೆ ತಾಗದಿದ್ದರಾಯಿತು. ತಬಲಾದವರಿಗೆ ಖಾಲಿ ಅಂದರೆ ಏನೂ ಇಲ್ಲ ಅಂತಲ್ಲ. ಖಾಲಿಯೂ ಎಣಿಕೆಯ ಒಂದು ಜಾಗ.

3. ಮೆಟ್ರೊನೋಮನ್ನು ಊರುಗೋಲು ಮಾಡಿಕೊಳ್ಳಬೇಡಿ.

ಮೇಲ್ಜೆಲ್ 1815ರಲ್ಲಿ ಪೇಟೆಂಟ್ ಪಡೆದ ಆ ಟಿಕ್ ಟಿಕ್ ಯಂತ್ರ ಈಗ ಎಲ್ಲರ ಫೋನಿನಲ್ಲೂ ಪುಕ್ಕಟೆ ಸಿಗುತ್ತದೆ. 60ಕ್ಕೆ ಇಟ್ಟರೆ ಸೆಕೆಂಡಿಗೊಂದು ಏಟು. ಅಲ್ಲಿಂದ ಶುರು ಮಾಡಿ. ತಪ್ಪಿಲ್ಲದೆ ಎರಡು ನಿಮಿಷ ಹೋದರೆ 4 ಹೆಚ್ಚಿಸಿ, ತಪ್ಪಿದರೆ 8 ಇಳಿಸಿ. ಇಷ್ಟು ಎಲ್ಲರೂ ಹೇಳುತ್ತಾರೆ. ಕಷ್ಟದ ಪಾಠ ಮುಂದಿದೆ. 120ರ ವೇಗದಲ್ಲಿ ನುಡಿಸುವ ಹಾಡಿಗೆ ಮೆಟ್ರೊನೋಮನ್ನು 60ಕ್ಕೆ ಇಟ್ಟು, ಆ ಏಟು ಎರಡಕ್ಕೂ ನಾಲ್ಕಕ್ಕೂ ಬೀಳುತ್ತದೆ ಅಂದುಕೊಂಡು ನುಡಿಸಿ. ಅದು ಕೂತ ಮೇಲೆ 30ಕ್ಕೆ ಇಳಿಸಿ. ಈಗ ನಾಲ್ಕು ಮಾತ್ರೆಗೆ ಒಂದೇ ಏಟು, ಎರಡು ಸೆಕೆಂಡಿಗೊಮ್ಮೆ. ನಡುವಿನ ಮೂರನ್ನು ನೀವೇ ಹೊರಬೇಕು. ಮೊದಲ ದಿನ ಯಂತ್ರ ಕೆಟ್ಟಿದೆ ಅನ್ನಿಸುತ್ತದೆ. ಕೆಟ್ಟಿರುವುದಿಲ್ಲ.

4. ಯಂತ್ರದ ಹಟವನ್ನು ಭಜನೆಗೆ ತರಬೇಡಿ.

ಭಜನೆ ವಿಲಂಬದಲ್ಲಿ ಎದ್ದು, ನಡುವೆ ಏರಿ, ಕೊನೆಗೆ ಓಡುತ್ತದೆ. ಅದು ತಪ್ಪಲ್ಲ, ಅದರ ಗುಣವೇ ಹಾಗೆ. ತಾಳ ಹಿಡಿದವರು ಏರಿಸಿದಾಗ "ವೇಗ ಹೆಚ್ಚಾತ್ರಿ" ಅಂದ ಗಿಟಾರಿನವನನ್ನು ಮರುವಾರ ಯಾರೂ ಕರೆಯುವುದಿಲ್ಲ. ಏರುವುದು ಬೇರೆ, ಜಾರುವುದು ಬೇರೆ: ಎಲ್ಲರೂ ಕೂಡಿ ಹೋದರೆ ಏರಿಕೆ, ನೀವೊಬ್ಬರೇ ಹೋದರೆ ಜಾರಿಕೆ. ಢೋಲಕಿಯವರ ಎಡಗೈ ನೋಡುತ್ತಾ ಕೂತುಕೊಳ್ಳಿ. ವೇಗ ಏರುವ ಸುಳಿವು ಮೊದಲು ಅಲ್ಲಿ ಸಿಗುತ್ತದೆ.

ಇನ್ನೊಂದು ಪುಕ್ಕಟೆ ಪಾಠಶಾಲೆ, ಗಣಪತಿ ಮೆರವಣಿಗೆಯ ಬ್ಯಾಂಜೊ ಪಾರ್ಟಿ. ಸಾಂಗಲಿ, ಕೊಲ್ಹಾಪುರ, ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಬ್ಯಾಂಜೊ ಅಂದರೆ ಅಮೆರಿಕದ ವಾದ್ಯವಲ್ಲ. ಟೈಪ್‌ರೈಟರಿನಂಥ ಗುಂಡಿಗಳಿರುವ ಬುಲ್‌ಬುಲ್ ತರಂಗಕ್ಕೆ ಕರೆಂಟ್ ಕೊಟ್ಟದ್ದು. ಡೋಲು, ತಾಸೆಗಳ ಗದ್ದಲದಲ್ಲಿ ಅದನ್ನು ನುಡಿಸುವವನ ಒಂದು ಏಟೂ ಹಿಂದೆ ಬೀಳುವುದಿಲ್ಲ. ಅವನಿಗೆ ಪೆಡಲೂ ಇಲ್ಲ, ಮೆಟ್ರೊನೋಮೂ ಇಲ್ಲ.

5. ಧ್ವನಿ ತಡವಾಗಿ ಬರುತ್ತದೆ. ಎಷ್ಟು ತಡ ಅನ್ನುವುದು ಗೊತ್ತಿರಲಿ.

ನಮ್ಮೂರ ದಡದಲ್ಲಿ ನಿಂತರೆ ಕೃಷ್ಣೆಯ ಆಚೆ ಖಿದ್ರಾಪುರ. ಅಲ್ಲಿ ಯಾರೋ ಬಟ್ಟೆ ಎತ್ತಿ ಕಲ್ಲಿಗೆ ಒಗೆಯುವುದು ಮೊದಲು ಕಾಣುತ್ತದೆ, ದಪ್ ಅನ್ನುವ ಸದ್ದು ಆಮೇಲೆ ಬರುತ್ತದೆ. ಚಿಕ್ಕಂದಿನಲ್ಲಿ ಅದು ಮಾಟ ಅನ್ನಿಸುತ್ತಿತ್ತು. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ನಡೆಯುತ್ತದೆ, ಅಂದರೆ ಮೀಟರಿಗೆ ಮೂರು ಮಿಲಿಸೆಕೆಂಡು. ಆಂಪ್ ಮೂರು ಮೀಟರ್ ದೂರವಿದ್ದರೆ ಒಂಬತ್ತು ಮಿಲಿಸೆಕೆಂಡು, ತಿಳಿಯುವುದೇ ಇಲ್ಲ. ಜಾತ್ರೆಯ ಸ್ಟೇಜಿನ ಆಚೆ ತುದಿಯಲ್ಲಿ, ಹತ್ತು ಮೀಟರ್ ದೂರದಲ್ಲಿ ಡ್ರಮ್ ಇದ್ದರೆ ಮೂವತ್ತು. ಕೈ ತೂಕಡಿಸಿದಂತೆ ಅನ್ನಿಸಲು ಅಷ್ಟು ಸಾಕು. ಆದ್ದರಿಂದ ತಾಳದವರ ಪಕ್ಕದಲ್ಲೇ ಜಾಗ ಹಿಡಿಯಿರಿ, ಫೋಟೊದಲ್ಲಿ ಚೆನ್ನಾಗಿ ಕಾಣುವ ಜಾಗವಲ್ಲ.

ಬ್ಲೂಟೂತ್ ಹೆಡ್‌ಫೋನಿನಲ್ಲಿ ಅಭ್ಯಾಸವಂತೂ ಬೇಡವೇ ಬೇಡ. ಸಾಮಾನ್ಯವಾಗಿ ಅದರ ತಡ 100ರಿಂದ 200 ಮಿಲಿಸೆಕೆಂಡು. 120ರ ವೇಗದಲ್ಲಿ ಒಂದು ಮಾತ್ರೆಯ ಕಾಲು ಭಾಗವೇ 125 ಮಿಲಿಸೆಕೆಂಡು. ನಿಮ್ಮ ತಾಳ ಸರಿಯಿದ್ದರೂ ಹೆಡ್‌ಫೋನ್ ತಪ್ಪು ಅನ್ನುತ್ತದೆ, ನೀವು ಅದನ್ನು ನಂಬಿ ಕೈ ಕೆಡಿಸಿಕೊಳ್ಳುತ್ತೀರಿ. ವೈರಿನದೇ ಇರಲಿ.

6. ರೆಕಾರ್ಡ್ ಮಾಡಿ, ಮರುದಿನ ಕೇಳಿ.

ಅದೇ ದಿನ ಕೇಳಿದರೆ ಕಿವಿ ನಿಮ್ಮ ಪರ ವಕಾಲತ್ತು ಮಾಡುತ್ತದೆ. ನನ್ನ ರೋಗ ಪತ್ತೆಯಾದದ್ದು ಹೀಗೆ: ಸುಲಭ ಜಾಗದಲ್ಲಿ ಓಡುತ್ತಿದ್ದೆ, ಕಾರ್ಡ್ ಬದಲಿಸುವಲ್ಲಿ ಎಳೆಯುತ್ತಿದ್ದೆ. ಇದಕ್ಕೆ ಮದ್ದು, ತೊಡಕಿನ ಎರಡು ಕಾರ್ಡುಗಳನ್ನಷ್ಟೇ ಹಿಡಿದು ಅದಲು ಬದಲು ಮಾಡುವುದು. ಬೆರಳು ಪೂರ್ತಿ ಕೂರದಿದ್ದರೂ ಬಲಗೈ ಸಮಕ್ಕೆ ಬೀಳಲಿ. ತಪ್ಪು ಸ್ವರವನ್ನು ಕೇಳುಗ ಮರೆಯುತ್ತಾನೆ, ತಪ್ಪಿದ ತಾಳವನ್ನು ಅವನ ಕಾಲು ಮರೆಯುವುದಿಲ್ಲ.

ಹಿಂದಿನ ಸಿನಿಮಾ ವಾದ್ಯದವರಿಗೆ ಮರುದಿನ ಕೇಳುವ ಸವಲತ್ತು ಇರಲಿಲ್ಲ. ಹಾಡುಗಾರರೂ ವಾದ್ಯದವರೂ ಒಟ್ಟಿಗೆ ರೆಕಾರ್ಡ್ ಮಾಡುತ್ತಿದ್ದ ಕಾಲ. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. 1976ರಲ್ಲಿ 'ಅನ್ನಕ್ಕಿಳಿ'ಯಿಂದ ಸಂಗೀತ ನಿರ್ದೇಶಕರಾಗುವ ಮೊದಲು ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ಹಿಡಿದು ಕೂತದ್ದು ಅಂಥ ಸ್ಟುಡಿಯೊಗಳಲ್ಲೇ.

7. ಪೇಟಿಗೆ ತಕ್ಕ ಶ್ರುತಿ, ಟ್ಯೂನರಿಗೆ ತಕ್ಕದ್ದಲ್ಲ.

ಇಲ್ಲಿಂದ ಸಾಮಾನಿನ ಮಾತು. ಟ್ಯೂನರ್ 440 ಹರ್ಟ್ಸ್ ಅನ್ನುತ್ತದೆ, ಗುಡಿಯ ಹಳೆಯ ಪೇಟಿ, ಅಂದರೆ ಹಾರ್ಮೋನಿಯಂ, ಅದಕ್ಕೆ ಒಪ್ಪಲೇಬೇಕೆಂದಿಲ್ಲ. ಪೇಟಿಯನ್ನು ಅಲ್ಲೇ ಕೂತು ಸರಿಮಾಡಲಾಗದು, ಗಿಟಾರನ್ನು ಮಾಡಬಹುದು. ಹಾಡುವವರು "ಕಾಳಿ ಒಂದು" ಅಂದರೆ ಗಾಬರಿ ಬೇಡ, ಅದು ಪೇಟಿಯ ಸಪ್ತಕದ ಮೊದಲ ಕರಿ ಮನೆ. ಒಂದನೇ ಫ್ರೆಟ್ಟಿಗೆ ಕೇಪೊ ಹಾಕಿ ಸಿ ಆಕಾರದಲ್ಲಿ ನುಡಿಸಿ. ಕಾಳಿ ಎರಡಕ್ಕೆ ಅದೇ ಕೇಪೊ, ಡಿ ಆಕಾರ. ಕಾಳಿ ನಾಲ್ಕಕ್ಕೆ ಜಿ, ಕಾಳಿ ಐದಕ್ಕೆ ಎ. ಕಾಳಿ ಮೂರು ಬಂದರೆ ಕೇಪೊ ಎರಡನೇ ಫ್ರೆಟ್ಟಿಗೆ, ಆಕಾರ ಇ. ಇದನ್ನು ಚೀಟಿಯಲ್ಲಿ ಬರೆದು ಗಿಟಾರಿನ ಬೆನ್ನಿಗೆ ಅಂಟಿಸಿಕೊಳ್ಳಿ. ಕಾರ್ಡ್ ಹುಡುಕುವ ಗಡಿಬಿಡಿ ತಪ್ಪಿದರೆ ತಾಳ ಅರ್ಧ ಉಳಿದಂತೆ.

8. ತಂತಿ ಹರಿಯುವ ಮೊದಲೇ ಬದಲಿಸಿ.

ನದಿ ದಂಡೆಯ ತೇವ, ಕೈಬೆವರು ಎರಡೂ ಉಕ್ಕಿಗೆ ಶತ್ರು. ನುಡಿಸಿದ ಮೇಲೆ ಹಳೆಯ ಅರಿವೆಯಿಂದ ಒಂದೊಂದೇ ತಂತಿ ಒರೆಸಿ. ಶುರುವಿಗೆ 009ರ ಸೆಟ್, ಏಟು ಜೋರಿದ್ದರೆ 010. ಮೊದಲ ತಂತಿಯ ಬಿಡಿ ಎರಡು ಸದಾ ಚೀಲದಲ್ಲಿರಲಿ, ಮೊದಲು ಕೈಕೊಡುವುದು ಅದೇ. ಕಾರ್ಯಕ್ರಮದ ದಿನವೇ ಹೊಸ ಸೆಟ್ ಹಾಕಬೇಡಿ. ಎರಡು ದಿನ ಮೊದಲು ಹಾಕಿ, ಎಳೆದು, ಮತ್ತೆ ಶ್ರುತಿ ಮಾಡಿ.

ರಿಪೇರಿಗೆ ಕಾಗವಾಡ ದಾಟಿ ಮಿರಜಕ್ಕೆ ಹೋಗುವ ದಾರಿ ನಮಗೆ ಹತ್ತಿರ. ಅಲ್ಲಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಿತಾರದ ಬ್ರಿಜ್ಜಿನ ಜವಾರಿ ಉಜ್ಜಿ ಪಳಗಿದ ಕೈ ತಂತಿ ಎಲ್ಲಿ ಗುರ್ರೆನ್ನುತ್ತಿದೆ ಅನ್ನುವುದನ್ನು ಬೇಗ ಹಿಡಿಯುತ್ತದೆ. ಆದರೆ ಪಿಕಪ್, ವಯರಿಂಗ್ ಕೆಲಸವನ್ನು ಅದನ್ನು ಬಲ್ಲವರಿಗೇ ಕೊಡಿ.

9. ಅರ್ಥಿಂಗ್ ಪಿನ್ ಮುರಿಯಬೇಡಿ.

ಎರಡು ತೂತಿನ ಬೋರ್ಡಿಗೆ ಹೊಂದಲಿ ಅಂತ ಮೂರನೇ ಪಿನ್ ಕಿತ್ತವರನ್ನು ಬಹಳ ನೋಡಿದ್ದೇನೆ. ಗಿಟಾರಿನ ತಂತಿಗಳು ಬ್ರಿಜ್, ಕೇಬಲ್ ಮೂಲಕ ಆಂಪಿನ ಅರ್ಥಿಂಗಿಗೆ ಸೇರಿರುತ್ತವೆ. ಅಲ್ಲಿ ಅರ್ಥಿಂಗ್ ಇಲ್ಲದೆ ಆಂಪಿನಲ್ಲಿ ಕರೆಂಟ್ ಸೋರಿದರೆ, ತಂತಿ ಹಿಡಿದು ಮೈಕಿಗೆ ತುಟಿ ಹಚ್ಚಿದಾಗ ನಿಮ್ಮ ಮೈಯೇ ವಯರು. ಜೀವ ಹೋಗುವ ಮಾತಿದು, ತಮಾಷೆಯಲ್ಲ. ಆಂಪ್, ಮಿಕ್ಸರ್ ಎರಡೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಕರೆಂಟ್ ಪಡೆಯಲಿ. ಜನರೇಟರ್ ಇದ್ದರೆ ಮೈಕಿನ ಜಾಳಿಗೆ ಟೆಸ್ಟರ್ ಹಚ್ಚಿ ನೋಡದೆ ಹಾಡಬೇಡಿ. ಟೆಸ್ಟರ್ ಹೊತ್ತಿದರೆ ಹಾಡು ಬೇಡ, ವಯರ್‌ಮನ್ ಬರಲಿ.

ಬರೀ ಗುಂಯ್ ಅನ್ನುವುದು ಬೇರೆ ಸಂಗತಿ. ಅದು ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್, ಒಂಟಿ ಸುರುಳಿಯ ಪಿಕಪ್ಪಿಗೆ ಸಿಕ್ಕಿಬಿದ್ದದ್ದು. ದಿಕ್ಕು ಬದಲಿಸಿ ಕೂತರೆ ಕಡಿಮೆಯಾಗುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಎರಡು ಸುರುಳಿಗಳನ್ನು ಎದುರುಬದುರು ಜೋಡಿಸಿ ಆ ಗುಂಯ್ ಅಳಿಸುವ ಹಂಬಕರ್ ಮಾಡಿದರು. ಜಾತ್ರೆ, ಮದುವೆಗಳಲ್ಲೇ ಹೆಚ್ಚು ನುಡಿಸುವವರಿಗೆ ಅದೇ ಲೇಸು.

10. ಪೆಡಲ್ ಕಡಿಮೆ, ಕೇಬಲ್ ಎರಡು.

ಒಂದು ಡಿಸ್ಟಾರ್ಶನ್, ಒಂದು ಡಿಲೇ. ಹವ್ಯಾಸಿಗೆ ಇಷ್ಟು ಧಾರಾಳ. ಡಿಲೇ ಹಾಕಿದರೆ ಅದರ ಮರುದನಿ ಹಾಡಿನ ವೇಗಕ್ಕೆ ಕೂಡಬೇಕು, ಇಲ್ಲವಾದರೆ ನಿಮ್ಮ ಪೆಡಲೇ ನಿಮ್ಮ ತಾಳ ತಪ್ಪಿಸುತ್ತದೆ. ಸಾಮಾನ್ಯ ಪೆಡಲಿಗೆ 9 ವೋಲ್ಟ್, ನಡುವೆ ಮೈನಸ್. ಅಡಾಪ್ಟರಿನ ವೋಲ್ಟ್ ಸರಿಯಾಗಿ ಹೊಂದಬೇಕು. ಮಿಲಿ ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಆಗಬಾರದು. ಬ್ಯಾಟರಿ ಪೆಡಲಿನ ಜ್ಯಾಕ್ ಚುಚ್ಚಿಯೇ ಬಿಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಸೋರುತ್ತದೆ. ಕೇಬಲ್ಲನ್ನು ಮೊಣಕೈಗೆ ಹಗ್ಗದಂತೆ ಸುತ್ತಬೇಡಿ, ಅಗಲ ಸುರುಳಿ ಮಾಡಿ. ಬ್ಯಾಗಿನಲ್ಲಿ ಇನ್ನೊಂದು ಕೇಬಲ್ ಇರಲಿ. ಬೇಸಿಗೆಯಲ್ಲಿ ಗಿಟಾರನ್ನು ತಗಡಿನ ಶೆಡ್ಡಿನಲ್ಲಿಡಬೇಡಿ, ಕುತ್ತಿಗೆ ಬಾಗುತ್ತದೆ.

11. ನೀರು ಬರುವ ಮೊದಲು ಏರಿಸಿ.

ಇದು ಬೇರೆ ಊರಿನವರಿಗೆ ಬೇಕಾಗಲಿಕ್ಕಿಲ್ಲ. ಆಗಸ್ಟ್ 2019ರ ಮಹಾಪೂರದಲ್ಲಿ ಗಿಟಾರನ್ನು ಅಥಣಿಯ ಸಂಬಂಧಿಕರ ಮನೆಗೆ ಕಳಿಸಿದೆ, ಆಂಪನ್ನು ಮಾತ್ರ "ಇಷ್ಟು ಎತ್ತರಕ್ಕೇನು ಬರ್ತದ" ಅಂತ ಮೇಜಿನ ಮೇಲಿಟ್ಟೆ. ಬಂತು. ಸ್ಪೀಕರಿನ ಕಾಗದ ಅಂಬಲಿಯಾಗಿತ್ತು. ಈಗ ಮಳೆಗಾಲದಲ್ಲಿ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವ ಸುದ್ದಿ ಏರತೊಡಗಿದ ದಿನವೇ ಎಲ್ಲವೂ ಅಟ್ಟಕ್ಕೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ. ನೀರಿಗೆ ಸಿಕ್ಕ ಆಂಪನ್ನು ಒಣಗಿದಂತೆ ಕಂಡಿತೆಂದು ಕರೆಂಟಿಗೆ ಚುಚ್ಚಬೇಡಿ. ಬಿಚ್ಚಿ, ನೆರಳಲ್ಲಿ ಆರಿಸಿ, ಬಲ್ಲವರ ಕೈಯಲ್ಲಿ ತೋರಿಸಿ.

ಭಜನೆ ಶುರುವಾಗುವುದು ರಾತ್ರಿ ಒಂಬತ್ತಕ್ಕೆ. ಎಂಟೂವರೆಗೇ ಬಂದು ಪೇಟಿಯ ಜೊತೆ ಶ್ರುತಿ ಕೂಡಿಸಿಕೊಳ್ಳಿ. ಬರುವಾಗ ಮೂರು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡ್ ನಿಮ್ಮದೇ ತನ್ನಿ; ಗುಡಿಯಲ್ಲಿ ಇರುವುದು ಒಂದೇ ಪ್ಲಗ್ಗು, ಅದರಲ್ಲಿ ಫ್ಯಾನ್ ತಿರುಗುತ್ತಿರುತ್ತದೆ.